ರೈಟರ್ ಎಂದರೆ ಯಾವ ತೋಟದವರು?

ಬರವಣಿಗೆಯನ್ನೇ ಜೀವನೋಪಾಯ ಮಾಡಿಕೊಂಡವರ, ಮಾಡಿಕೊಳ್ಳಬೇಕೆಂದಿರುವವರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ನಾಲ್ಕು, ಬೇರೆ ಬೇರೆ ಊರುಗಳಿಂದ ಬಂದವಾದರೂ, ಹಳ್ಳಿಯಲ್ಲಿ ಕುಳಿತು ಬರೆದು ಬದುಕುವುದು ಹೇಗೆ ಎಂಬ ಒಂದೇ ವಿಷಯದ ಸುತ್ತ ಇವೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. 22 ವರ್ಷಗಳ ಹಿಂದೆ ಯಾರನ್ನೂ ಕೇಳದೆ ಚಿಕ್ಕಮಗಳೂರಿನ ಆಲ್ದೂರು ಕಡೆಯ ಹಳ್ಳಿಯೊಂದಕ್ಕೆ ಗಂಟುಮೂಟೆ ಸಮೇತ ಬಂದುಬಿಟ್ಟವನು ನಾನು. ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ್ದನ್ನೆಲ್ಲ ಅಲ್ಲಿ ಸೇರಿಸಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರಲ್ಲಿ 11 ವರ್ಷಗಳಿಂದ ಕನ್ನಡ ಬರಹಗಾರನಾಗಿ ಕೆಲಸ ಮಾಡುತ್ತಿದ್ದೇನೆ. ಪತ್ನಿಯ ತವರು ಸಕಲೇಶಪುರ ತಾಲ್ಲೂಕಿನ ಹಾನುಬಾಳಿನ ಹತ್ತಿರದ ಹಳ್ಳಿ. ಅಲ್ಲಿ ಅವಳ ದೊಡ್ಡಪ್ಪನ ಹಳೆಯ ಹೆಂಚಿನ ಮನೆ ಖಾಲಿ ಬಿದ್ದಿದೆ. ಒಂದು ವರ್ಷದ ಖರ್ಚಿಗಾಗುವಷ್ಟು ಉಳಿತಾಯವಿದೆ. ಕೆಲಸ ಬಿಟ್ಟು ಅಲ್ಲಿ ನೆಲೆಸಿ, ಮೂಡಿಗೆರೆಯಲ್ಲಿ ತೇಜಸ್ವಿಯವರು ಬದುಕಿದಂತೆ ಸ್ವತಂತ್ರವಾಗಿ ಬರೆದುಕೊಂಡು ಬದುಕಬೇಕೆಂಬ ಆಸೆ. ಸಾಧ್ಯವಾದರೆ ಒಂದೆರಡು ಎಕರೆ ಕಾಫಿ ತೋಟ ಕೊಳ್ಳುವ ಯೋಚನೆಯೂ ಇದೆ. ಮಗಳು ಎರಡನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ನನ್ನ ನಿರ್ಧಾರ ಸರಿಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಾನು ಈ ಊರಿಗೆ ಬಂದ ಹೊಸದರಲ್ಲಿ ದಿನಸಿ ಅಂಗಡಿಯ ಯಜಮಾನರು ಏನು ಕೆಲಸವೆಂದು ವಿಚಾರಿಸಿದರು. ‘ರೈಟರ್’ ಎಂದೆ. ‘ಯಾವ ತೋಟದಲ್ಲಿ?’ ಎಂದರು. ಕಾಫಿ ಸೀಮೆಯಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಹಿಡಿದು, ಚೆಕ್‌ರೋಲ್ ಎಂಬ ಹಾಜರಿ-ಕೂಲಿಯ ಪುಸ್ತಕ ಬರೆದು, ಬಟವಾಡೆಯ ದಿನ ಲೆಕ್ಕ ಒಪ್ಪಿಸುವ ತೋಟದ ನೌಕರ. ಯಾವ ತೋಟವೂ ಇಲ್ಲ, ಪತ್ರಿಕೆಗಳಿಗೆ ಬರೆಯುತ್ತೇನೆ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಸಾಮಾನಿಗೆ ನಗದೋ, ಬರ್ಕೊಳ್ಳೋದೋ?’ ಎಂದು ಕೇಳಿದರು. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಪ್ರಶ್ನೆ. ಹಳ್ಳಿಗೆ ಹೋದ ಮೇಲೆ ನಿಮಗೆ ಕೊಡಬೇಕಾದವರೆಲ್ಲ ಬೆಂಗಳೂರಿನಲ್ಲಿರುತ್ತಾರೆ, ನೀವು ಕೊಡಬೇಕಾದವರೆಲ್ಲ ನಿಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿರುತ್ತಾರೆ.

ಆದ್ದರಿಂದ ನೌಕರಿ ಬಿಡಿ, ಆದರೆ ಕೆಲಸ ಬಿಡಬೇಡಿ. ಕನ್ನಡದ ಪತ್ರಿಕೆಗಳು ಲೇಖನಕ್ಕೆ ಕೊಡುವ ಸಂಭಾವನೆಯಿಂದ ಮೂವರ ಸಂಸಾರ ಸಾಗಿಸುತ್ತೇನೆಂದು ಹೊರಟರೆ ಮೊದಲ ಮಳೆಗಾಲ ಮುಗಿಯುವ ಮುನ್ನವೇ ಉಳಿತಾಯ ಕರಗುತ್ತದೆ. ನನ್ನ ಮನೆ ನಡೆದದ್ದು ಅನುವಾದದಿಂದ, ಕೈಪಿಡಿಗಳನ್ನು ಬರೆದುಕೊಟ್ಟದ್ದರಿಂದ, ಬೇರೆಯವರ ಪುಸ್ತಕಗಳ ಕರಡು ತಿದ್ದಿದ್ದರಿಂದ; ಹೆಸರಿನಡಿ ಅಚ್ಚಾದ ಲೇಖನಗಳು ಮರ್ಯಾದೆ ತಂದವು, ಅಕ್ಕಿ ತಂದದ್ದು ಹೆಸರಿಲ್ಲದ ಬರವಣಿಗೆ. ನಿಮಗೆ 11 ವರ್ಷಗಳ ಪರಿಚಯವಿದೆ. ಈಗಿನ ಸಂಸ್ಥೆಯನ್ನೂ ಸೇರಿಸಿ ಎರಡು ಕಡೆಯಾದರೂ ತಿಂಗಳಿಗೆ ಇಷ್ಟು ಕೆಲಸ, ಇಷ್ಟು ಹಣ ಎಂಬ ಒಪ್ಪಂದ ಕಾಗದದ ಮೇಲೆ ಆಗುವವರೆಗೆ ರಾಜೀನಾಮೆ ಬರೆಯಬೇಡಿ.

ಹಣ ಎಷ್ಟು ಬರುತ್ತದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಇಲ್ಲಿ ಹೆಚ್ಚು ಕಾಡುತ್ತದೆ. ಕಾಫಿ ಬೆಳೆಗಾರರ ಕೈಗೂ ದುಡ್ಡು ವರ್ಷವಿಡೀ ಬರುವುದಿಲ್ಲ. ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ, ರೊಬಸ್ಟಾ ಫೆಬ್ರುವರಿ, ಮಾರ್ಚ್‌ವರೆಗೆ ನಡೆದು, ಕಣದಲ್ಲಿ ಒಣಗಿದ್ದು ಮಾರಾಟವಾದ ಮೇಲೆ ಬಂದ ಹಣದಲ್ಲಿ ಮುಂದಿನ ವರ್ಷದ ಗೊಬ್ಬರ, ಔಷಧಿ, ಮರಕಸಿ (ನೆರಳಿನ ಮರಗಳ ಕೊಂಬೆ ಸವರುವುದು), ಆಳಿನ ಸಂಬಳ, ಮಕ್ಕಳ ಫೀಜು ಎಲ್ಲವೂ ನಡೆಯಬೇಕು. ಆದರೂ ಅವರಿಗೆ ಹಣ ಬರುವ ಕಾಲ ಗೊತ್ತಿದೆ, ಅದನ್ನು ನಂಬಿ ಸಾಲ ಕೊಡುವವರಿದ್ದಾರೆ. ನಮಗೆ ಆ ಸೌಲಭ್ಯವಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಬರಹ ಕಳಿಸಿದ ದಿನವನ್ನೂ ಬಲಗಡೆ ಹಣ ಬಂದ ದಿನವನ್ನೂ ಬರೆಯುತ್ತ ಬಂದಿದ್ದೇನೆ. ಅದರಲ್ಲಿ ಅತಿ ಕಡಿಮೆ ಅಂತರ 9 ದಿನ, ಅತಿ ಹೆಚ್ಚು 14 ತಿಂಗಳು. ಬಲಗಡೆ ಖಾಲಿಯಾಗಿಯೇ ಉಳಿದ ಸಾಲುಗಳೂ ಕೆಲವಿವೆ. ನಿಮ್ಮ ಒಂದು ವರ್ಷದ ಉಳಿತಾಯವನ್ನು ನಾನು ಈ ಲೆಕ್ಕದಲ್ಲಿ ಎಂಟು ತಿಂಗಳದ್ದೆಂದು ಓದುತ್ತೇನೆ, ಏಕೆಂದರೆ ಹಳೆಯ ಮನೆಯ ರಿಪೇರಿ ನಿಮ್ಮ ಪಟ್ಟಿಯಲ್ಲಿಲ್ಲ.

ಆ ಮನೆಯ ವಿಷಯ. ಹೆಂಚಿನ ಮನೆಗೆ ಪ್ರತಿ ವರ್ಷ ಮಳೆ ಹಿಡಿಯುವ ಮುನ್ನ ಹೆಂಚು ಕೈಯಾಡಿಸಬೇಕು. ಖಾಲಿ ಬಿದ್ದ ಮನೆಯಾದರೆ ಹೆಂಚು ಹೊತ್ತ ಮರಗಳಾದ ಪಕಾಸಿ, ರೀಪುಗಳನ್ನು ಗೆದ್ದಲು ಎಷ್ಟು ತಿಂದಿದೆಯೆಂದು ಮೊದಲು ಬಡಗಿಯನ್ನು ಕರೆತಂದು ತೋರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ನನ್ನ ಬೀರುವಿನ ಕೆಳಗಿನ ಅರೆಯಲ್ಲಿ 40 ವ್ಯಾಟಿನ ಹಳೆಯ ಕಾಲದ ಬಲ್ಬೊಂದು ಆ ನಾಲ್ಕು ತಿಂಗಳೂ ಉರಿಯುತ್ತಿರುತ್ತದೆ, ಕರೆಂಟ್ ಇದ್ದಾಗ. ಇರದಿದ್ದಾಗ ಏನಾಗುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಒಂದು ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ಮೊಬೈಲ್ ಗೋಪುರವೂ ಸತ್ತಿತ್ತು. ನಗರದ ಕಂಪನಿಯೊಂದಕ್ಕೆ ಕಳಿಸಬೇಕಿದ್ದ ಅನುವಾದ ಲ್ಯಾಪ್‌ಟಾಪಿನಲ್ಲಿ ಮುಗಿದು ಕುಳಿತಿತ್ತು. ಅದನ್ನು ಖಾಲಿ ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ಹಾಲಿನ ಜೀಪಿನಲ್ಲಿ ಪೇಟೆಗೆ ಹೋಗಿ, ಜನರೇಟರ್ ಓಡುತ್ತಿದ್ದ ಜೆರಾಕ್ಸ್ ಅಂಗಡಿಯಲ್ಲಿ ಕುಳಿತು ಕಳಿಸುವಷ್ಟರಲ್ಲಿ ಅರ್ಧ ದಿನ ತಡವಾಗಿತ್ತು. ಅವರು ಬೈಯಲಿಲ್ಲ; ಮುಂದೆ ಕೆಲಸವನ್ನೂ ಕೊಡಲಿಲ್ಲ. ಅಂದಿನಿಂದ ಮಳೆಗಾಲದ ಕೆಲಸಗಳಿಗೆ ನಾನು ನಾಲ್ಕು ದಿನ ಹೆಚ್ಚಿಗೆ ಕೇಳಿಯೇ ಒಪ್ಪುತ್ತೇನೆ, ಮತ್ತು ಮೊದಲ ದೊಡ್ಡ ಸಂಭಾವನೆಯಲ್ಲಿ ಕೊಂಡದ್ದು ಮೇಜಲ್ಲ, ಇನ್ವರ್ಟರ್ ಮತ್ತು ಬ್ಯಾಟರಿ.

ಹಾಗಾಗಿ ರಜೆ ಹಾಕಿಯೋ ಮನೆಯಿಂದ ಕೆಲಸ ಮಾಡುವ ಅನುಮತಿ ಪಡೆದೋ ಜುಲೈ ತಿಂಗಳನ್ನು ಪೂರ್ತಿ ಅಲ್ಲಿ ಕಳೆಯಿರಿ. ಡಿಸೆಂಬರ್‌ನ ಬಿಸಿಲಿನಲ್ಲಿ ಹಾನುಬಾಳು ನೋಡಿ ಮನಸೋಲದವರು ಯಾರೂ ಇಲ್ಲ, ಅದು ಪರೀಕ್ಷೆಯಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆಗಳ ಓಡಾಟವಿರುವುದರಿಂದ ಬೆಳಗಿನ ಜಾವದ ವಾಯುವಿಹಾರದ ಅಭ್ಯಾಸವನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಬನ್ನಿ. ಆನೆ ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶವನ್ನು ನೋಡಿಯೇ ಅಲ್ಲಿಯವರು ಆಳುಗಳನ್ನು ಕೆಲಸಕ್ಕೆ ಕಳಿಸುತ್ತಾರೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಪತ್ನಿಯ ತವರಿದೆ, ಪತ್ನಿಯ ದೊಡ್ಡಪ್ಪನ ಮನೆಯಿದೆ, ಪತ್ನಿಯ ಅಭಿಪ್ರಾಯ ಒಂದು ಸಾಲಿನಷ್ಟೂ ಇಲ್ಲ. ನೀವು ಯಾವ ಊರಿಗೆ ಹೋಗಬೇಕೆಂದು ಹಂಬಲಿಸುತ್ತಿದ್ದೀರೋ ಆ ಊರನ್ನು ಬಿಟ್ಟು ಬಂದವರು ಅವರು. ಏಕೆ ಬಂದರು, ಯಾವ ಷರತ್ತಿನ ಮೇಲೆ ಮರಳಿಯಾರು ಎನ್ನುವುದನ್ನು ನನಗಿಂತ ಮೊದಲು ಅವರಲ್ಲಿ ಕೇಳಬೇಕಿತ್ತು. ಮಗಳ ಶಾಲೆಯ ಪ್ರಶ್ನೆಯೂ ಅಲ್ಲಿಯೇ ತೀರ್ಮಾನವಾಗಬೇಕು. ದೊಡ್ಡಪ್ಪನವರು ಬೇಡವೆಂದರೂ ತಿಂಗಳ ಬಾಡಿಗೆಯೊಂದನ್ನು ಗೊತ್ತುಮಾಡಿಕೊಂಡು ಕೊಡಿ. ಇಲ್ಲದಿದ್ದರೆ, ನಗರದಿಂದ ಬಂದು ಹಗಲೆಲ್ಲ ಮನೆಯೊಳಗೆ ಕುಳಿತಿರುವ ಗಂಡಸನ್ನು ಊರು ‘ಮನೆಅಳಿಯ’ ಎಂದು ಕರೆಯಲು ಹೆಚ್ಚು ದಿನ ಬೇಕಾಗುವುದಿಲ್ಲ, ಮತ್ತು ಆ ಮಾತು ನಿಮಗಿಂತ ಹೆಚ್ಚಾಗಿ ನಿಮ್ಮ ಪತ್ನಿಗೆ ಚುಚ್ಚುತ್ತದೆ.

ಕೊನೆಗೆ ತೋಟ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎನ್ನುವುದು ನಿಜ. ಆದರೆ ಕೊಳ್ಳಬಹುದು ಎನ್ನುವುದಕ್ಕೂ ಕೊಳ್ಳುವುದಕ್ಕೂ ನಡುವೆ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ), ಋಣಭಾರ ಪತ್ರ, ಪೋಡಿ (ಅಳತೆ ಮಾಡಿ ಜಮೀನು ವಿಭಾಗಿಸುವುದು), ಅರಣ್ಯ ಇಲಾಖೆಯ ತಕರಾರು ಇಷ್ಟೂ ಇವೆ; ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಮೂರು ವರ್ಷ ಈ ಮಾತೆತ್ತಬೇಡಿ. ತೇಜಸ್ವಿಯವರನ್ನು ನೀವು ನೆನೆದಿದ್ದೀರಿ. ಅವರು ಕಾಫಿ ಬೆಳೆಗಾರರಾಗಿದ್ದರು, ತೋಟದ ದುಡಿಮೆ ಬರವಣಿಗೆಯ ಬೆನ್ನಿಗಿತ್ತು. ನೀವು ಅದನ್ನು ತಿರುಗುಮುರುಗು ಮಾಡಿ, ಬರವಣಿಗೆಯಿಂದ ತೋಟವನ್ನು ಸಾಕಲು ಹೊರಟಿದ್ದೀರಿ. ಎರಡು ಎಕರೆ ತೋಟ ಆಳಿನ ಕೂಲಿ ಕೇಳುತ್ತದೆ, ಲೇಖನದ ಸಂಭಾವನೆ ಬರಲಿ ಎಂದು ಕಾಯುವುದಿಲ್ಲ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದೇ ಮೂಡಿಗೆರೆ ತಾಲ್ಲೂಕಿನ ಹಳ್ಳಿಯಲ್ಲಿ. ಪದವಿ ಮುಗಿಸಿ ಮನೆಯಲ್ಲಿದ್ದುಕೊಂಡೇ ಪತ್ರಿಕೆಗಳಿಗೆ ಬರೆಯುತ್ತಿದ್ದೇನೆ. ಮಲೆನಾಡಿನ ಮಳೆ, ಮಂಜು, ಕಾಫಿ ಹೂವಿನ ಮೇಲೆ ಬರೆದ ಏಳು ಲೇಖನಗಳಲ್ಲಿ ಒಂದೇ ಪ್ರಕಟವಾಯಿತು. ‘ಇದೇ ರೀತಿಯದು ನಮ್ಮಲ್ಲಿ ಬೇಕಾದಷ್ಟಿದೆ’ ಎಂದು ಸಂಪಾದಕರೊಬ್ಬರು ಉತ್ತರಿಸಿದರು. ಹಳ್ಳಿಯಲ್ಲಿ ಕುಳಿತವರು ಇನ್ನೇನು ಬರೆಯಬೇಕು?
— ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಸಂಪಾದಕರು ನಿಮ್ಮ ಮಟ್ಟಿಗೆ ಉಪಕಾರವನ್ನೇ ಮಾಡಿದ್ದಾರೆ. ಮಂಜು ನೋಡಿ ಬರೆಯಲು ವಾರಾಂತ್ಯಕ್ಕೆ ಹೋಂಸ್ಟೇಗೆ ಬಂದವರೇ ಸಾಕು, ನೀವು ಬೇಕಾಗಿಲ್ಲ. ನೀವು ಬೇಕಾಗುವುದು ಅವರಿಗೆ ಕಾಣದ್ದಕ್ಕೆ.

ನನ್ನ ನೆರೆಯ ತೋಟದ ಹಿರಿಯರ ಮನೆಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕಗಳ ಒಂದು ಕಟ್ಟಿದೆ. ಅಂಗಳದ ಮಳೆಮಾಪಕದಲ್ಲಿ ದಿನಾ ಬೆಳಿಗ್ಗೆ ಅಳೆದ ಮಳೆಯನ್ನು ಅವರ ತಂದೆ, ಅನಂತರ ಅವರು, ಅದರಲ್ಲಿ ಬರೆಯುತ್ತ ಬಂದಿದ್ದಾರೆ. ಸರ್ಕಾರ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾದರೂ ಬೆಳೆಗಾರರ ಬಾಯಲ್ಲಿ ಇನ್ನೂ ಇಂಚು ಮತ್ತು ಸೆಂಟ್ಸ್ ಇವೆ. ಇಂಚಿಗೆ ನೂರು ಸೆಂಟ್ಸ್. ‘ನಿಮ್ಮಲ್ಲೆಷ್ಟು?’ ಎಂದು ಫೋನಿನಲ್ಲಿ ಕೇಳಿದರೆ ‘ಒಂದು ಇಪ್ಪತ್ತು’ ಎಂದಷ್ಟೇ ಉತ್ತರ ಬರುತ್ತದೆ. ಆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಚಿಕ್ಕ ಟಿಪ್ಪಣಿಗಳಿವೆ: ಹೂಮಳೆ ಯಾವ ದಿನ ಬಂತು, ಅದಾಗಿ ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಹೂ ಅರಳಿತು, ಆಮೇಲೆ ಕಾಯಿ ಕಟ್ಟಲು ಬರಬೇಕಿದ್ದ ಎರಡನೆಯ ಮಳೆ, ಅಂದರೆ ಬ್ಯಾಕಿಂಗ್ ಶವರ್, ಬಂತೋ ಕೈಕೊಟ್ಟಿತೋ. ಕಾಫಿ ಹೂವಿನ ಚೆಲುವಿನ ಬಗ್ಗೆ ನೀವು ಬರೆದ ಲೇಖನ ತಿರುಗಿ ಬಂದಿರಬಹುದು. ಒಂದೇ ಅಂಗಳದ ಮಳೆಮಾಪಕದಲ್ಲಿ ಹೂಮಳೆಯ ದಿನ ವರ್ಷದಿಂದ ವರ್ಷಕ್ಕೆ ಹೇಗೆ ಸರಿದಾಡಿದೆ ಎಂಬ ಲೇಖನವನ್ನು, ಆ ಪುಟದ ಛಾಯಾಚಿತ್ರ ಸಮೇತ ಕಳಿಸಿದರೆ, ಯಾವ ಸಂಪಾದಕರೂ ಓದದೆ ಬದಿಗಿಡಲಾರರು. ಬರೆಯುವ ಮೊದಲು ಬಾಳೆಹೊನ್ನೂರಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ 1925ರಿಂದಲೂ ಇರುವ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳೊಡನೆ ನಿಮ್ಮ ಅಂಕಿಗಳನ್ನಿಟ್ಟುಕೊಂಡು ಮಾತನಾಡಿದರೆ ಯಾವುದು ಹವೆಯ ಮಾತು, ಯಾವುದು ಬರಿಯ ಕೊರಗು ಎನ್ನುವುದು ತಿಳಿಯುತ್ತದೆ.

ಬಯಲುಸೀಮೆಯ ಕಡೆಗೆ ತಿರುಗಿದರೂ ಹೀಗೆಯೇ. ಹಾಸನದ ಆಲೂಗಡ್ಡೆಯ ಬಿತ್ತನೆ ಬೀಜ ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಬರುತ್ತದೆ. ಅಷ್ಟು ದೂರದಿಂದ ಬಂದ ಗಡ್ಡೆಯನ್ನು ರೈತ ಕೊಯ್ದು, ಮುಟ್ಟಿ ನೋಡಿ ಆರಿಸುವ ಒಂದು ಬೆಳಗನ್ನು ಎಪಿಎಂಸಿಯಲ್ಲಿ ನಿಂತು ನೋಡಿದರೆ ಅಂಗಮಾರಿ ರೋಗದ ಕಥೆ, ಸಾಲದ ಕಥೆ ಎರಡೂ ಅಲ್ಲಿಯೇ ಸಿಗುತ್ತವೆ. ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ಶಿಲ್ಪದ ಬಗ್ಗೆ ಲೇಖನಗಳ ಸುರಿಮಳೆಯಾಯಿತು. ಆ ದೇವಾಲಯದ ಎದುರು ಎಳನೀರು ಮಾರುವವರ ದಿನಚರಿಯ ಮೇಲೆ ನಾನಿನ್ನೂ ಒಂದು ಒಳ್ಳೆಯ ಬರಹ ಓದಿಲ್ಲ.

ಇನ್ನೊಂದು ಮಾತು. ಹಳ್ಳಿಯ ಬಗ್ಗೆ ಬರೆದದ್ದನ್ನು ನಗರದವರೇ ಓದಬೇಕೆಂದಿಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಡಬೇಕೆಂಬ ಹಟದಿಂದ ನಡೆದುಬಂದದ್ದು. ಬೆಳೆಗಾರ ಓದುಗನಾದಾಗ ವಿಶೇಷಣಗಳು ತಾವಾಗಿಯೇ ಉದುರುತ್ತವೆ, ಏಕೆಂದರೆ ಮಣ್ಣಿನ ವಾಸನೆಯನ್ನು ಅವನಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಎಕರೆಗೆ ಎಷ್ಟು ಖರ್ಚಾಯಿತು, ಪಂಪು ಯಾರು ರಿಪೇರಿ ಮಾಡಿದರು ಎಂದು ಅವನು ಕೇಳುತ್ತಾನೆ. ಆರು ತಿಂಗಳು ಅಂಥ ಬರಹ ಬರೆದು ನೋಡಿ.

ಪ್ರಶ್ನೆ: ‘ಹವ್ಯಾಸಿ ಬರಹಗಾರ’ ಎಂದು ಹೆಸರಿನ ಕೆಳಗೆ ಹಾಕಿಕೊಳ್ಳುವುದು ಸರಿಯೇ?
— ನಿವೃತ್ತ ಶಿಕ್ಷಕರು, ಚನ್ನರಾಯಪಟ್ಟಣ

ಉತ್ತರ: ನಿವೃತ್ತಿ ವೇತನವಿರುವ ತಮಗೆ ಅಡ್ಡಿಯಿಲ್ಲ. ಬರವಣಿಗೆಯಿಂದಲೇ ಬದುಕುವವರು ಹಾಕಿಕೊಳ್ಳಬಾರದು. ಹವ್ಯಾಸಕ್ಕೆ ಬರೆಯುವವರಿಗೆ ಗೌರವ ಪ್ರತಿ ಕಳಿಸಿದರೆ ಸಾಕೆಂದು ಪ್ರಕಟಿಸುವವರು ತಿಳಿಯುವುದು ಸಹಜ. ಆ ಒಂದು ಶಬ್ದದಿಂದ ಕನ್ನಡದ ಬರಹಗಾರರು ಕಳೆದುಕೊಂಡ ಹಣ ಕಡಿಮೆಯದಲ್ಲವೆಂದು ನನ್ನ ಗುಮಾನಿ. ‘ಸ್ವತಂತ್ರ ಬರಹಗಾರ’ ಎಂದರೆ ಸಾಕು.

ಪ್ರಶ್ನೆ: ಅರಸೀಕೆರೆಯ ಹತ್ತಿರದ ಊರಿನಿಂದ ಅನುವಾದದ ಕೆಲಸ ಮಾಡುತ್ತಿದ್ದೇನೆ. ಪದಕ್ಕೆ ಇಷ್ಟು ಎಂದು ದರ ಒಪ್ಪಿಕೊಂಡಿದ್ದರೂ ಕೈಗೆ ಬರುವ ಹಣ ಅಂದಾಜಿಗಿಂತ ಕಡಿಮೆಯಾಗುತ್ತದೆ. ಅದರಲ್ಲಿಯೂ ತೆರಿಗೆ ಹಿಡಿಯುತ್ತಾರೆ. ನಾನು ಪತ್ರಿಕೆಯೊಂದಕ್ಕೆ ಬರೆದ ಲೇಖನಗಳನ್ನು ಪ್ರಕಾಶಕರೊಬ್ಬರು ಪುಸ್ತಕವಾಗಿ ತರುತ್ತೇವೆಂದು ಎರಡು ವರ್ಷಗಳ ಹಿಂದೆ ಒಂದು ಪುಟದ ಪತ್ರಕ್ಕೆ ಸಹಿ ಹಾಕಿಸಿಕೊಂಡರು; ಪುಸ್ತಕ ಬಂದಿಲ್ಲ. ಬೇರೆಯವರಿಗೆ ಕೊಡಬಹುದೇ?
— ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು

ಉತ್ತರ: ಮೊದಲು ಪದಗಳ ಲೆಕ್ಕ. ಇಂಗ್ಲಿಷಿನಲ್ಲಿ ಮೂರು ಪದಗಳಲ್ಲಿ ಹೇಳುವುದನ್ನು ಕನ್ನಡ ‘ಮನೆಯಲ್ಲಿ’ ಎಂಬ ಒಂದೇ ಪದದಲ್ಲಿ ಮುಗಿಸುತ್ತದೆ, ವಿಭಕ್ತಿಗಳೆಲ್ಲ ಬಾಲಕ್ಕೇ ಅಂಟಿಕೊಳ್ಳುವುದರಿಂದ. ನನ್ನ ಕೆಲಸದಲ್ಲಿ 1,000 ಪದಗಳ ಇಂಗ್ಲಿಷ್ ಪಠ್ಯ ಕನ್ನಡಕ್ಕೆ ಬಂದಾಗ 700ರ ಆಸುಪಾಸಿಗೆ ಇಳಿಯುತ್ತದೆ. ನಿಮ್ಮವರು ಕನ್ನಡದ ಪದಗಳನ್ನು ಎಣಿಸಿ ಹಣ ಕೊಡುತ್ತಿರಬೇಕು. ಮುಂದಿನ ಕೆಲಸಕ್ಕೆ ಒಪ್ಪುವಾಗ ದರ ಮೂಲ ಪಠ್ಯದ ಪದಗಳಿಗೆ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಯಂತ್ರಾನುವಾದವನ್ನು ತಿದ್ದಿಕೊಡಿ ಎಂದು ಅರ್ಧ ದರದ ಕೆಲಸವೂ ಈಗ ಬರುತ್ತಿದೆ. ಒಪ್ಪುವ ಮುನ್ನ ಎರಡು ಪುಟ ತಿದ್ದಿ ಗಡಿಯಾರ ನೋಡಿಕೊಳ್ಳಿ. ಎಷ್ಟೋ ಸಲ ಹೊಸದಾಗಿ ಅನುವಾದಿಸುವುದೇ ಬೇಗ ಮುಗಿಯುತ್ತದೆ. ಕನ್ನಡ ಅಕ್ಷರಗಳು ನುಡಿ ತಂತ್ರಾಂಶದ ಮಾದರಿಯಲ್ಲಿ ಬೇಕೋ ಯೂನಿಕೋಡಿನಲ್ಲಿ ಬೇಕೋ ಎಂಬುದನ್ನೂ ಆಗಲೇ ಕೇಳಿಬಿಡಿ, ಇಲ್ಲದಿದ್ದರೆ ಅಕ್ಷರಗಳನ್ನು ಬದಲಾಯಿಸಿ ಒತ್ತಕ್ಷರ ಸರಿಪಡಿಸುವ ಕೂಲಿಯಿಲ್ಲದ ದುಡಿಮೆ ನಿಮ್ಮ ಪಾಲಿಗೆ ಬರುತ್ತದೆ.

ವೃತ್ತಿ ಶುಲ್ಕದ ಮೇಲೆ ಸಾಮಾನ್ಯವಾಗಿ ಶೇಕಡಾ 10ರಷ್ಟು ಟಿಡಿಎಸ್ ಹಿಡಿಯುತ್ತಾರೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ ಅದು 20 ಆಗುತ್ತದೆ. ಆ ಹಣ ಹೋಯಿತೆಂದು ಕೈಚೆಲ್ಲಬೇಡಿ. ನಿಮ್ಮ ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿದಾಗ ಅದು ಮರಳಿ ಬರುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯ ಮಾತು ಬರುತ್ತದೆ. ಕನ್ನಡದ ಬರಹಗಾರರಾದ ನಮಗೆ ಅದು ಒದಗಿದರೆ ಸಿಹಿ ಹಂಚೋಣ.

ಪುಸ್ತಕದ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಪತ್ರಿಕೆಯ ನೌಕರರಲ್ಲದ ಲೇಖಕರು ಲಿಖಿತವಾಗಿ ಬಿಟ್ಟುಕೊಡದ ಹೊರತು ಬರಹದ ಹಕ್ಕು ಅವರದೇ. ಬಿಟ್ಟುಕೊಟ್ಟ ಪತ್ರದಲ್ಲಿ ಅವಧಿ ಹೇಳಿರದಿದ್ದರೆ 5 ವರ್ಷವೆಂದೂ, ಪ್ರದೇಶ ಹೇಳಿರದಿದ್ದರೆ ಭಾರತದೊಳಗೆ ಮಾತ್ರವೆಂದೂ ಅರ್ಥ ಮಾಡಬೇಕು. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಬರೆದಿರದ ಪಕ್ಷದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ. ಆದ್ದರಿಂದ ಮೊದಲು ಆ ಒಂದು ಪುಟವನ್ನು ಹುಡುಕಿ ತೆಗೆದು, ‘ಒಂದು ವರ್ಷ’ಕ್ಕೆ ಬದಲಾಗಿ ಬೇರೆ ಅವಧಿಯೇನಾದರೂ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ, ಹಕ್ಕು ರದ್ದಾಗಿದೆಯೆಂದು ಪ್ರಕಾಶಕರಿಗೆ ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹಾಕಿ, ಅದರ ರಸೀದಿ ಕೈಗೆ ಬಂದ ಮೇಲೆ ಬೇರೆಯವರೊಡನೆ ಮಾತನಾಡಿ. ಹೊಸಬರು ಸಹಿಗೆ ಕಾಗದ ಕೊಟ್ಟಾಗ ಗೌರವಧನ, ಅವಧಿ, ಮುದ್ರಿಸುವ ಪ್ರತಿಗಳ ಸಂಖ್ಯೆ, ಇ-ಪುಸ್ತಕ ಮತ್ತು ಆಡಿಯೊ ಹಕ್ಕು ಯಾರದು ಎಂಬ ನಾಲ್ಕನ್ನೂ ಅದರಲ್ಲಿ ಬರೆಸಿದ ನಂತರವೇ ಸಹಿ ಹಾಕಿ, ಮತ್ತು ಒಂದು ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.